ಪುಟ್ಟಮಲ್ಲಮ್ಮನ ಹರಳು ಯುದ್ಧಕ್ಕೆ ಹೋದದ್ದು

ದೇವರು ಕೂಸನ್ನು ಭೂಮಿಗೆ ಕಳಿಸುವ ಮೊದಲು ಪುಟ್ಟಮಲ್ಲಮ್ಮನ ಮನೆಯಲ್ಲಿ ಎಣ್ಣೆ ಕಾದಿದೆಯೇ ಅಂತ ಬಗ್ಗಿ ನೋಡುತ್ತಾನೆ, ಕಾದಿಲ್ಲದಿದ್ದರೆ ಇನ್ನೊಂದು ದಿನ ತಡೆಯುತ್ತಾನೆ ಎಂದು ಕಗ್ಗಲಿಕೊಪ್ಪಲಿನ ಹೆಂಗಸರು ಹೇಳುತ್ತಿದ್ದರು. ಗಂಡಸರದು ಬೇರೆ ಮಾತು. ಆ ಯಮ್ಮ ಹಿಡಿದರೆ ಕಳ್ಳನೂ ಜಾರಿಕೊಂಡು ಹೋಗುತ್ತಾನೆ, ಕೈಯೆಲ್ಲ ಅಷ್ಟು ಎಣ್ಣೆ ಎಂದು ನಗುತ್ತಿದ್ದರು.

ಹಾರನಹಳ್ಳಿ ಹೋಬಳಿಯಲ್ಲಿ ಹರಳೆಣ್ಣೆ ತೆಗೆಯುವವರಿಗೇನು ಬರವಿರಲಿಲ್ಲ. ಆದರೂ ಯಾವ ಮನೆಯಲ್ಲಿ ಹೆರಿಗೆಯಾದರೂ ಜನ ಗಿಂಡಿ ಹಿಡಿದು ಬರುತ್ತಿದ್ದದ್ದು ಪುಟ್ಟಮಲ್ಲಮ್ಮನ ಹತ್ತಿರವೇ. ಸಣ್ಣ ಕಾಳಿನ ಚಿಟ್ಟರಳನ್ನು ಹದವಾಗಿ ಹುರಿದು, ಒರಳಲ್ಲಿ ಕುಟ್ಟಿ, ನೀರು ಬೆರೆಸಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಅವಳು ಬಳಿದು ತೆಗೆಯುವುದನ್ನು ನೋಡಬೇಕಿತ್ತು. ಹಾಲಿನ ಕೆನೆ ತೆಗೆದ ಹಾಗೆ. ಆಮೇಲೆ ತಾನೇ ಹೋಗಿ ಕೂಸಿನ ನೆತ್ತಿಗೆ ತಟ್ಟಿ, ಬಾಣಂತಿಯ ಸೊಂಟಕ್ಕೆ ತಿಕ್ಕಿ, ಬೈದು, ನಗಿಸಿ ಬರುತ್ತಿದ್ದಳು.

ಬಿತ್ತನೆಯ ಹರಳೂ ಅವಳ ಮನೆಯಿಂದಲೇ ಹೋಗಬೇಕು. ಹರಳು ಬಾಣಂತಿಯ ಸೊತ್ತು, ಅದನ್ನು ಸೇರು ಪಾವಿನಲ್ಲಿ ಅಳೆಯಬಾರದು ಎಂಬುದು ಅವಳ ಅತ್ತೆಯ ಕಾಲದ ಪದ್ಧತಿ. ಬಂದ ಹೆಣ್ಣುಮಗಳು ಸೆರಗು ಒಡ್ಡುತ್ತಿದ್ದಳು, ಇವಳು ಮಡಿಲಿಗೆ ಸುರಿಯುತ್ತಿದ್ದಳು. ಮಡಿಲಿಗೆ ಬಿದ್ದದ್ದರ ಮೇಲೆ ಕೊಟ್ಟವರಿಗೆ ಹಕ್ಕಿಲ್ಲ, ವಾಪಸು ಕೇಳುವ ಹಾಗಿಲ್ಲ.

ಕೊರಿಯದಲ್ಲಿ ಯುದ್ಧ ಶುರುವಾದ ಮರುವರ್ಷದ ಮುಂಗಾರಿಗೆ ಸ್ವಲ್ಪ ಮೊದಲು ಪಿರಿಯಾಪಟ್ಟಣದ ವ್ಯಾಪಾರಿ ಚನ್ನಬಸವಣ್ಣ ಅವಳ ಜಗಲಿಗೆ ಬಂದು ಕೂತ. ಕಾಳು ಕೊಳ್ಳುವವನು ಅವನು. ಈ ಸಲ ಹರಳು ಎಷ್ಟಿದ್ದರೂ ಬೇಕು ಎಂದ.

“ಏನಪ್ಪಾ, ಪಟ್ಟಣದೋರಿಗೆಲ್ಲ ಒಟ್ಟಿಗೇ ಹೊಟ್ಟೆ ಕಟ್ಟಿಕೊಂಡದಾ?” ಎಂದಳು ಪುಟ್ಟಮಲ್ಲಮ್ಮ.

“ಪಟ್ಟಣಕ್ಕಲ್ಲ ಕಣವ್ವ, ಹೊರದೇಶಕ್ಕೆ. ಕಡಲ ಮ್ಯಾಲೆ ಅಡಗಲ್ಲಿ ವೋಯ್ತದೆ. ಎಷ್ಟು ಕೊಟ್ರೂ ಸಾಲ್ದಂತೆ.”

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹರಳೆಣ್ಣೆ ಎಂದರೆ ಅವಳಿಗೆ ಒಂದೇ ಅರ್ಥ. “ಅಯ್ಯೋ ಶಿವನೇ! ಆ ದೇಶದಲ್ಲಿ ಎಷ್ಟು ಜನ ಬಾಣಂತೀರವ್ರೆ ಅಂಗಾದ್ರೆ?”

ಚನ್ನಬಸವಣ್ಣ ಹೊಟ್ಟೆ ಕುಣಿಸಿ ನಕ್ಕ. ಅಲ್ಲ ಎನ್ನಲಿಲ್ಲ. “ಬಾಳ ಜನ ಕಣವ್ವ. ನೀನೇ ವೋಗಿ ಎಣ್ಣೆ ತಟ್ಟಬೇಕು ನೋಡು.”

ಅವತ್ತಿನಿಂದ ಆ ಹೆಂಗಸಿಗೆ ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ. ಪಾಪ, ಅವರ ಮಣ್ಣಲ್ಲಿ ಹರಳು ಬೆಳೆಯುವುದಿಲ್ಲವೇನೋ, ಕೂಸುಗಳ ನೆತ್ತಿ ಒಣಗಿ ಹೋಗುತ್ತಿರಬೇಕು. ಮನೆಮನೆಗೆ ಹೋಗಿ, ರಾಗಿ ಹೊಲದ ಬದುವಿಗೆಲ್ಲ ಹರಳು ಹಾಕಿ ಎಂದು ಹೇಳಿ ಬಂದಳು. ಅಟ್ಟದ ಮೇಲಿನ ಬಿತ್ತನೆಯನ್ನೆಲ್ಲ ಇಳಿಸಿ ಹಂಚಿದಳು.

“ಅತ್ತೆ, ಕಡಲಾಚೆಗೂ ಸೂಲಗಿತ್ತಿ ಆಗಾಕೆ ವೊಂಟ್ಯಾ?” ಎಂದು ಪಕ್ಕದ ಮನೆಯ ಮಾಯಮ್ಮ ರೇಗಿಸಿದಳು.

“ಅಂಗೇ ಅನ್ಕೊ. ಮಾತು ಸಾಕು, ಮಡಿಲು ಒಡ್ಡು.”

ಹರಳು ಬೆಳೆಯಿತು ನೋಡಿ, ಆಳೆತ್ತರಕ್ಕೆ. ಸಂಕ್ರಾಂತಿಯ ಹೊತ್ತಿಗೆ ಊರಿನ ಅಂಗಳಗಳಲ್ಲೆಲ್ಲ ಕಾಯಿ ಬಿಸಿಲಿಗೆ ಸಿಡಿಯುತ್ತಿತ್ತು. ಪುಟ್ಟಮಲ್ಲಮ್ಮನ ಮಗ ನೀಲಕಂಠಸ್ವಾಮಿ ಚನ್ನಬಸವಣ್ಣನ ಕಡೆಯವನಾಗಿ ನಿಂತು ಊರಿನ ಹರಳನ್ನೆಲ್ಲ ಕೂಡಿಸಿದ. ಪಡಸಾಲೆಯಲ್ಲಿ ಮೂಟೆಗಳು ತೊಲೆ ಮುಟ್ಟಿದವು.

ಹಬ್ಬಕ್ಕೆ ಅವಳ ತಂಗಿಯ ಮಗ ಮಹದೇವಪ್ಪ ಹುಣಸೂರಿನಿಂದ ಬಂದ. ಹಿಂದಿನ ಮಹಾಯುದ್ಧದಲ್ಲಿ ಬರ್ಮಾದಲ್ಲಿ ವಿಮಾನ ತೊಳೆಯುವ ಕೆಲಸದಲ್ಲಿದ್ದವನು, ಈಗ ಲಾರಿ ಓಡಿಸುತ್ತಿದ್ದ. ಮೂಟೆಯೊಂದಕ್ಕೆ ಒರಗಿ ಎಳ್ಳುಬೆಲ್ಲ ಮೆಲ್ಲುತ್ತಾ ಕೇಳಿದ, “ಇಷ್ಟೊಂದು ಯಾಕೆ ದೊಡ್ಡವ್ವ?”

“ಹೊರದೇಶದ ಬಾಣಂತೀರಿಗೆ ಕಣ್ಲಾ.”

ಅವನು ಮೆಲ್ಲುವುದನ್ನು ನಿಲ್ಲಿಸಿದ. “ಯಾರು ಏಳಿದ್ದು? ಇದು ಇಮಾನಕ್ಕೆ ವೋಗಾದು.”

“ಯಾಕ್ಲಾ, ಇಮಾನಕ್ಕೂ ಬೇದಿ ಆಗಬೇಕಾ?”

ಮಹದೇವಪ್ಪನಿಗೆ ನಗು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ. “ಬರ್ಮಾದಲ್ಲಿ ನಾನೇ ನೋಡಿವ್ನಿ. ಚಕ್ರ ನಿಲ್ಲಿಸೋ ಬ್ರೇಕೊಳಗೆ ಈ ಎಣ್ಣೇನೇ ಇರ್ತಿತ್ತು. ಈಗ ಇಂಜಿನ್ನಿಗೂ ಇದರಿಂದ್ಲೇ ಏನೋ ಮಾಡ್ತಾರಂತೆ. ಕೊರಿಯದಲ್ಲಿ ಯುದ್ಧ ನಡೀತೈತಲ್ಲ, ಅದಕ್ಕೇ ಈ ರೇಟು.”

ಬೆಲ್ಲ ಸುತ್ತಿ ತಂದಿದ್ದ ಪತ್ರಿಕೆಯ ಹಾಳೆಯಲ್ಲೇ ಆ ಯುದ್ಧದ ಸುದ್ದಿಯಿತ್ತು. ಅವನು ಓದಿ ಹೇಳಿದ. ಈ ಕಡೆಯವರು ಆ ಕಡೆಯವರನ್ನು ಇಷ್ಟು ಸಾವಿರ ಕೊಂದೆವು ಅಂತಾರೆ, ಅವರು ಅಷ್ಟಿಲ್ಲ, ನಾವೇ ಇವರನ್ನು ಹೆಚ್ಚು ಕೊಂದೆವು ಅಂತಾರೆ.

“ಅಂದ್ರೆ ಸತ್ತೋರ ಲೆಕ್ಕದಲ್ಲೂ ಸುಳ್ಳಾ?” ಪುಟ್ಟಮಲ್ಲಮ್ಮನ ದನಿ ಏರಿತು. “ತಮ್ಮೋರು ಸತ್ರೆ ಮುಚ್ಚಿಡಾದು, ಅವ್ರು ಸತ್ರೆ ಜಂಬ ಕೊಚ್ಚಾದು? ಎತ್ತ ತಾಯಿಗೆ ಎಷ್ಟು ಜನ ಸತ್ರು ಅಂತ ಏಳ್ತಾರಂತೆ?”

ಮಹದೇವಪ್ಪ ಹಾಳೆ ಮಡಿಚಿದ.

“ಅಲ್ಲಿ ಇಮಾನ ಏನು ಮಾಡ್ತದೆ?”

“ಬೆಂಕಿ ಸುರೀತದೆ. ಊರುಗಳ ಮ್ಯಾಲೆ.”

“ಊರಲ್ಲಿ ಬಾಣಂತೀರಿರಲ್ವಾ?”

ಪುಟ್ಟಮಲ್ಲಮ್ಮ ಮೂಟೆಗಳ ಕಡೆ ತಿರುಗಿದಳು. ತಾನು ಹಂಚಿದ ಕಾಳು, ತಾನು ಹೇಳಿದ ಮಾತು, ಎರಡೂ ಆ ಮೂಟೆಗಳ ಒಳಗಿದ್ದವು. ಮೈ ಉರಿದುಹೋಯಿತು.

ನೆಟ್ಟಗೆ ಮಾಯಮ್ಮನ ಅಂಗಳಕ್ಕೆ ನಡೆದಳು. ಮೂಟೆ ವಾಪಸು ಒಯ್ಯಿರಿ, ಮನೆಗೆ ಎಣ್ಣೆ ಮಾಡಿಕೊಳ್ಳಿ, ದೀಪಕ್ಕೆ ಉರಿಸಿ, ಗಾಡಿಯ ಅಚ್ಚಿಗೆ ಬಳಿಯಿರಿ ಎನ್ನಬೇಕೆಂದಿದ್ದಳು. ಮಾಯಮ್ಮನ ಸೆರಗು ಕಂಡದ್ದೇ ನಾಲಿಗೆ ಕಟ್ಟಿತು. ತಾನೇ ಮಡಿಲು ತುಂಬಿದ್ದರ ಬೆಳೆ. ಅದರ ಮೇಲೆ ಯಾವ ಬಾಯಲ್ಲಿ ಹಕ್ಕು ಹೇಳುವುದು? ಕೊನೆಗೆ ವಿಷಯವನ್ನಷ್ಟೇ ಹೇಳಿದಳು.

“ನೀನೇ ತಾನೇ ಅತ್ತೆ ಬಿತ್ತಿಸಿದ್ದು?” ಎಂದಳು ಮಾಯಮ್ಮ. ಕುಟುಕಲೆಂದು ಹೇಳಿದ್ದಲ್ಲ. ಆದರೂ ಕುಟುಕಿತು.

ಇನ್ನು ಉಳಿದದ್ದು ತನ್ನ ಪಡಸಾಲೆ. ಅಲ್ಲಾದರೂ ತನ್ನ ಮಾತು ನಡೆಯಬೇಕು. ಮೂಟೆಗಳನ್ನು ಕೃಷ್ಣರಾಜನಗರದ ರೈಲು ಸ್ಟೇಷನ್ನಿಗೆ ಸಾಗಿಸಲು ಗಾಡಿ ಬರುವುದಕ್ಕೆ ಮುಂಚೆಯೇ ಮಗನನ್ನು ಹಿಡಿದು ನಿಲ್ಲಿಸಿದಳು.

“ಇವನ್ನ ಕೊಟ್ಟೋರಿಗೆ ವಾಪಸು ಕೊಡು.”

“ಚನ್ನಬಸವಣ್ಣನಿಗೆ ಮಾತು ಕೊಟ್ಟಿವ್ನಿ ಕಣವ್ವ. ನಾವು ಮಾರದಿದ್ರೆ ಪಕ್ಕದೂರೋರು ಮಾರ್ತಾರೆ. ಯುದ್ಧ ನಿಂತೋಯ್ತದಾ?”

“ಪಕ್ಕದೂರೋರು ಏನಾದ್ರೂ ಮಾಡ್ಲಿ. ಈ ಊರಿನ ಒಂದೊಂದು ಕೂಸಿನ ನೆತ್ತೀನೂ ಈ ಕೈ ಮುಟ್ಟೈತೆ. ನಿನ್ನ ನೆತ್ತೀನೂ ಸೇರಿ. ಇದೇ ಕೈಯಿಂದ ಯಾರ್‍ದೋ ಕೂಸಿನ ಮ್ಯಾಲೆ ಬೆಂಕಿ ಸುರಿಸ್ತೀಯಾ?”

ನೀಲಕಂಠಸ್ವಾಮಿ ನೆಲ ನೋಡಿದ. “ಮನೆ ನನ್ನೆಸರಲ್ಲೈತೆ ಕಣವ್ವ. ಇದ್ರಲ್ಲಿ ನೀನು ತಲೆ ಆಕಬ್ಯಾಡ, ಬುಡು.”

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಗಾಡಿಗಳು ಬಂದವು. ಮುಂದಿನ ಗಾಡಿಯಲ್ಲಿ ಚನ್ನಬಸವಣ್ಣನೇ ಇದ್ದ. ಪುಟ್ಟಮಲ್ಲಮ್ಮ ವಿಭೂತಿ ಬಳಿದುಕೊಂಡು ಬಂದು ತಲೆಬಾಗಿಲಿನ ಹೊಸಿಲ ಮೇಲೆ ಅಡ್ಡಲಾಗಿ ಕೂತುಬಿಟ್ಟಳು. ಮೂಟೆ ಹೊರಲು ಬಂದ ಗಾಡಿಯ ಮಂಚಯ್ಯ ಮೆಟ್ಟಿಲಲ್ಲೇ ನಿಂತ.

“ದಾಟ್ಕೊಂಡು ಬಾರ್ಲಾ,” ಎಂದ ನೀಲಕಂಠಸ್ವಾಮಿ ಒಳಗಿನಿಂದ.

“ನಿಮ್ಮವ್ವನ್ನ ನೀವು ದಾಟಿ ಸ್ವಾಮಿ, ಆಮೇಲೆ ನೋಡೋಣ. ನಾನು ಹುಟ್ಟಿದಾಗ ಎಣ್ಣೆ ತಟ್ಟಿದ ತಾಯಿ. ನಂಗಾಗಲ್ಲ.”

ಬೀದಿಯಲ್ಲಿ ಜನ ಸೇರಿತು. ಚನ್ನಬಸವಣ್ಣ ಗಾಡಿಯಿಂದಿಳಿದು ಕೈ ಮುಗಿದ. “ಎದ್ದೇಳವ್ವ. ಹೆಂಗಸ್ರಿಗ್ಯಾಕೆ ಯುದ್ಧದ ಮಾತು?”

“ಬಾಣಂತೀರಿಗೆ ಅಂದಾಗ ಹೆಂಗಸು ಬೇಕಾಗಿದ್ಲು ನಿಂಗೆ! ನಗ್ತಾ ಕೂತಿದ್ದೆಯಲ್ಲ ಇದೇ ಜಗಲಿ ಮ್ಯಾಲೆ? ಒಂದು ಮಾತು, ಅಲ್ಲ ಕಣವ್ವ ಅನ್ನಾಕೆ ಬಾಯಿ ಬಿದ್ದೋಗಿತ್ತಾ?”

ಚನ್ನಬಸವಣ್ಣ ಮುಗಿದ ಕೈ ಇಳಿಸಿದ. ಜಗಲಿಯ ಕಿಟಕಿಗೆ ಬಾಯಿಟ್ಟು ನೀಲಕಂಠಸ್ವಾಮಿಗೆ ಏನೋ ಹೇಳಿ, ತನ್ನ ಆಳುಗಳನ್ನು ಕರೆದುಕೊಂಡು ಓಣಿಯ ಕಡೆ ಹೋದ. ಜನ ಪಿಸುಗುಟ್ಟಿದರು. ಗೆದ್ದೆ ಎಂದೇ ಪುಟ್ಟಮಲ್ಲಮ್ಮ ತಿಳಿದಳು. ಮಂಚಯ್ಯನೂ ಎತ್ತುಗಳಿಗೆ ಹುಲ್ಲು ಹಾಕಿದ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಧಡ್ ಎಂದು ಸದ್ದಾಯಿತು. ಮತ್ತೊಂದು. ಹಿತ್ತಿಲ ಬಾಗಿಲ ಅಗಳಿ ತೆಗೆದಿದ್ದರು. ಮೂಟೆಗಳು ಅಡಿಗೆಮನೆಯ ಒಲೆಯ ಪಕ್ಕದಲ್ಲೇ, ದೇವರಮನೆಯ ಮುಂದೆಯೇ ಒಂದೊಂದಾಗಿ ಹಿತ್ತಿಲಿಗೆ ಹೋಗುತ್ತಿದ್ದವು. ಮೊದಲನೆಯದನ್ನು ಹೊತ್ತಿದ್ದವನು ಅವಳ ಮಗ.

ಅವಳು ಓಡಿ ಹೋಗಿ ಅಡ್ಡ ನಿಲ್ಲಲಿಲ್ಲ. ಕೂತಲ್ಲಿಂದಲೇ ಕೂಗಿದಳು, “ಮುಂಬಾಗಿಲಲ್ಲಿ ಒಯ್ಯಾಕೆ ಮುಖ ಇಲ್ಲದ್ದನ್ನ ಹಿಂದ್ಲಿಂದ ಒಯ್ತೀಯೇನ್ಲಾ!”

ಒಳಗೆ ಹೆಜ್ಜೆಗಳು ಒಂದು ಕ್ಷಣ ನಿಂತವು. ಮತ್ತೆ ನಡೆದವು.

ಪುಟ್ಟಮಲ್ಲಮ್ಮ ಮಂಡಿಗೆ ಕೈಕೊಟ್ಟು ಎದ್ದಳು. ಮಾಯಮ್ಮ ಓಡಿ ಬಂದು ತೋಳು ಹಿಡಿದಳು. “ಅತ್ತೆ, ಎಲ್ಲಿಗೆ?”

“ಹನಗೋಡಿಗೆ. ತಮ್ಮ ಶಿವನಂಜಪ್ಪ ಒಂದು ಮುದ್ದೆ ಹಾಕ್ತಾನೆ.”

“ಒಂದು ಸೀರೆನಾದ್ರೂ ತಕ್ಕೊ.”

“ಆ ಮನೆಯೊಳಕ್ಕೆ ಇನ್ನು ಕಾಲಿಡಲ್ಲ ಕಣೆ. ಸೀರೆ ತರಾಕೂ ಇಲ್ಲ.”

ಬಾಗಿಲು ತೆರೆದೇ ಇತ್ತು. ಅವಳು ಸೆರಗು ಬಿಗಿದುಕೊಂಡು, ಮೆಟ್ಟಿಲಿಳಿದು, ಖಾಲಿ ಗಾಡಿಗಳನ್ನು ಸುತ್ತಿಕೊಂಡು ಹನಗೋಡಿನ ದಾರಿ ಹಿಡಿದಳು.