ಯಾರ ಕೈಯ ಮೊಳ?

ಬುಟ್ಟಿ ಚೆಂಡಿನಾಟಕ್ಕೆ ಒಂದೇ ಅಳತೆ ತರಲು ಹೋಗಿ ನಾನು ಕಳೆದುಕೊಂಡದ್ದು ಬೈಲಹೊಂಗಲದ ಸರಕಾರಿ ಕಚೇರಿಯವರ ಅಷ್ಟೂ ವ್ಯಾಪಾರ. ಅಂದಿನಿಂದ ಅವರು ಧೋತರ, ಅಂಗಿಯ ಅರಿವೆ ಎಲ್ಲವನ್ನೂ ಎದುರಿನ ಅಂಗಡಿಯಲ್ಲಿ ಕೊಂಡರು. ಕೊಳ್ಳಲಿ. ಆ ಸೌದಾ ಇವತ್ತು ಮತ್ತೆ ಎದುರಿಗೆ ಬಂದರೂ ಅದೇ ಬೆಲೆ ತೆರುತ್ತೇನೆ.

ಸಾಲೆಯ ಡ್ರಿಲ್ ಮಾಸ್ತರರು ಮುಂಬಯಿಯಲ್ಲಿ ಆ ಆಟ ಕಲಿತು ಬಂದಿದ್ದರು. ಎರಡು ಕಂಬ, ಕಂಬಕ್ಕೊಂದು ಹತ್ತಿ ಬಿಡಿಸುವ ಬುಟ್ಟಿ. ಎದುರಿನ ಬುಟ್ಟಿಗೆ ಹೆಚ್ಚು ಸಲ ಚೆಂಡು ಹಾಕಿದವರು ಗೆದ್ದಂತೆ. ಬುಟ್ಟಿ ಹತ್ತು ಅಡಿ ಎತ್ತರದಲ್ಲಿರಬೇಕೆಂದು ಅವರ ಪುಸ್ತಕದಲ್ಲಿತ್ತು. ಊರವರಿಗೆ ತಿಳಿಯಲೆಂದು ಮಾಸ್ತರರು ಅದನ್ನು ಸುಮಾರು ಆರೂವರೆ ಮೊಳ ಎಂದು ಸಾರಿದರು. ಅಲ್ಲೇ ಎಡವಿದರು. ನಾನು ತಲೆಯ ಮೇಲೆ ಅರಿವೆಯ ಗಂಟು ಹೊತ್ತು ಸವದತ್ತಿ, ರಾಮದುರ್ಗದ ಸಂತೆ ತಿರುಗಿ ಅಂಗಡಿ ಹಾಕಿದವನು. ಕೊಳ್ಳುವಾಗ ಉದ್ದ ಕೈಯವನನ್ನೂ ಮಾರುವಾಗ ಗಿಡ್ಡ ಕೈಯವನನ್ನೂ ಅಳೆಯಲು ನಿಲ್ಲಿಸುವವರನ್ನು ಬೇಕಾದಷ್ಟು ಕಂಡಿದ್ದೆ.

ಕಚೇರಿಯ ಕಾರಕೂನರಿಗೂ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿಯುವ ಹುಡುಗರಿಗೂ ಪಂದ್ಯ ನಿಗದಿಯಾಯಿತು. ಗೆದ್ದವರಿಗೆ ಸಂಜೆ ಹೊತ್ತು ಸಾಲೆಯ ಬಯಲು. ಜಿನ್ನಿನವರಿಗೆ ಆಡಲು ಬೇರೆ ಜಾಗವೇ ಇರಲಿಲ್ಲ. ಪಂದ್ಯದ ದಿನ ನೋಡಿದರೆ ಕಾರಕೂನರು ಚೆಂಡು ಹಾಕುವ ಬುಟ್ಟಿ ಕೆಳಗೆ, ಹುಡುಗರದು ಮೇಲೆ. ಕಟ್ಟಿದವರು ಕಚೇರಿಯವರೇ; ಮೊದಲನೆಯದನ್ನು ಅವರ ಗಿಡ್ಡ ಗುಮಾಸ್ತ ಅಳೆದಿದ್ದ. ಎರಡನೆಯದನ್ನು, ಬಾಗಿಲಲ್ಲಿ ಬಗ್ಗಿ ನಡೆಯುವಷ್ಟು ಉದ್ದದ ಪಟ್ಟೇವಾಲ, ಅಂದರೆ ಕಚೇರಿಯ ಜವಾನ.

ನಾನು ಅಂಗಡಿಯಿಂದ ಮೂರಡಿಯ ಕಬ್ಬಿಣದ ಗಜ ತಂದೆ.

“ಯಾಕ್ರಿ ಸಾವಕಾರ್ರ, ಕಂಬಕ್ಕ ಅಂಗಿ ಹೊಲಿಸ್ತೀರೇನು?” ಎಂದರು ಹಿರಿಯ ಕಾರಕೂನರು.

“ಇಲ್ರಿ ರಾಯರ. ಈ ಮೊಳ ಯಾರ ಕೈಯಿಂದು ಅಂತ ಕೇಳಾಕ ಬಂದೇನಿ.”

“ಮೊಳ ಅಂದ್ರ ಮೊಳ. ಸಾಲಿ ಹುಡುಗ್ರಿಗೆ ಒಂದು, ಜಿನ್ನಿನವರಿಗೆ ಒಂದು, ನಮಗ ಒಂದು. ಅವರವರ ಯೋಗ್ಯತಾ ನೋಡಿ ಕಟ್ಟೇವಿ.”

ಕಚೇರಿಯವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಲ್ಲಿ ದರ ಹೇಳಿದವನು ಕೆಟ್ಟ. ಗಜವನ್ನು ಬಗಲಿಗೆ ಸೇರಿಸಿದೆ.

“ಆತ್ರಿ, ಬುಟ್ಟಿ ಇದ್ದಲ್ಲೇ ಇರಲಿ. ಅರ್ಧ ಆಟ ಆದ ಮ್ಯಾಲ ಕಡಿ ಬದಲ್ ಮಾಡೂಣು. ನಿಮ್ಮ ಬುಟ್ಟಿ ಇವರಿಗೆ, ಇವರದು ನಿಮಗ. ಯೋಗ್ಯತಾ ಇದ್ದವ್ರಿಗೆ ಎತ್ತರ ಏನ್ ದೊಡ್ಡದ್ರಿ?”

ಕಡೆ ಬದಲಿಸುವುದು ಪುಸ್ತಕದಲ್ಲೂ ಇದೆ ಎಂದರು ಮಾಸ್ತರರು. ರಾಯರು ಎತ್ತರದ ಬುಟ್ಟಿಯನ್ನು ಕತ್ತೆತ್ತಿ ನೋಡಿದರು.

“ಆ ಗಜ ಇತ್ತ ತರ್ರಿ,” ಎಂದರು.

ಮೂರು ಗಜ, ಮೇಲೊಂದು ಅಡಿ. ಎರಡೂ ಬುಟ್ಟಿಗಳನ್ನು ಅವರ ಪಟ್ಟೇವಾಲನ ಕೈಯಿಂದಲೇ ಕಟ್ಟಿಸಿದೆ. ಹುಡುಗರು ಒಂದೇ ಚೆಂಡಿನಿಂದ ಗೆದ್ದರು; ಬಯಲು ಅವರದಾಯಿತು. ಮುಂದೆ ಅದೇ ಗಜ ಕಿತ್ತೂರಿನ ಪಂದ್ಯಕ್ಕೂ ಹೋಯಿತು. ಸಣ್ಣ ಮಕ್ಕಳಿಗೆ ಬುಟ್ಟಿ ಇಳಿಸಬೇಕೆಂದು ಸಾಲೆಯವರು ಕೇಳಿದಾಗ ಇಳಿಸಿ ಎಂದೆ. ಆದರೆ ಎರಡೂ ಕಡೆ, ಗಜ ಹಿಡಿದು.

ನೀವೂ ಎಲ್ಲಾದರೂ ಅಳತೆಗೆ ನಿಂತರೆ, ಎಷ್ಟು ಮೊಳ ಎಂದು ಕೇಳುವ ಮೊದಲು ಯಾರ ಕೈ ಎಂದು ಕೇಳಿ. ಎದುರಿನವರು ಗಜ ಒಲ್ಲೆವೆಂದರೆ ಜಗಳಕ್ಕೆ ಬೀಳಬೇಡಿ, ಜಾಗ ಬದಲಿಸೋಣ ಎನ್ನಿ. ಗಜವನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿ.