ಜೂರಕಾನ್ ಕೈ ಹಾಕಿ ನೋಡಿದ ಪೀಪಾಯಿ

ನಾರಿನ್ ಪಟ್ಟಣದ ಅಂಚೆ ಕಚೇರಿಯಲ್ಲಿ ಜೂರಕಾನ್ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದಳು. ವಿಳಾಸ ಓದುವುದು ಕಣ್ಣಿನ ಕೆಲಸ. ಉಳಿದದ್ದೆಲ್ಲ ಬೆರಳಿಗೇ ತಿಳಿಯುತ್ತಿತ್ತು. ಒಳಗೆ ಒಂದು ಹಾಳೆಯೋ ಎರಡೋ, ಫೋಟೋ ಇದೆಯೋ, ಯಾರಾದರೂ ಕದ್ದು ನೋಟು ಮಡಚಿಟ್ಟಿದ್ದಾರೋ, ಲಕೋಟೆ ಮುಟ್ಟಿದರೆ ಸಾಕು. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಗಂಡ ತೀರಿಕೊಂಡ ಮೇಲೆ ಇದೇ ಸಂಬಳದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಮದುವೆ ಮಾಡಿ ಕಳಿಸಿದಳು. ಒಮ್ಮೆ ಮೇಲಧಿಕಾರಿಯ ಹೆಂಡತಿ ತಂದ ಪಾರ್ಸೆಲ್ಲಿಗೆ ಅಂಚೆಚೀಟಿ ಕಡಿಮೆ ಬಿದ್ದಿದೆಯೆಂದು ವಾಪಸು ಕೊಟ್ಟಿದ್ದಕ್ಕೆ ಜೊತೆಯವರು ಅವಳಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದರು. ಹೊಗಳಿಕೆಗೆ ಇಟ್ಟ ಹೆಸರೇನೂ ಅಲ್ಲ.

ಅವಳು ನಿವೃತ್ತಳಾದ ವರ್ಷವೇ ಊರಿನ ಹಿಟ್ಟಿನ ಗಿರಣಿಯವರು ಹೊಸ ವರ್ಷದ ಬಹುಮಾನದ ಡ್ರಾ ಘೋಷಿಸಿದರು. ಮೊದಲ ಬಹುಮಾನ ಕಾರು. ಸೇರಲು ಮೂರು ದಾರಿ: ಹಿಟ್ಟಿನ ಮೂಟೆಯೊಳಗಿನ ರಟ್ಟಿನ ಕೂಪನ್ ತಂದು ಹಾಕಬಹುದು, ಹಿಟ್ಟು ಕೊಳ್ಳದವರು ಹೆಸರು, ವಿಳಾಸ ಬರೆದು ಅಂಚೆಯಲ್ಲಿ ಕಳಿಸಬಹುದು, ಇಲ್ಲವೇ ಫೋನಿನಿಂದ ಸಂದೇಶ ಕಳಿಸಬಹುದು. ‘ಯಾವ ದಾರಿಯಲ್ಲಿ ಬಂದರೂ ಸಮಾನ ಅವಕಾಶ’ ಎಂದು ಅಂಗಡಿ ಅಂಗಡಿಗೂ ಅಂಟಿಸಿದ್ದರು. ಡ್ರಾ ನೋಡಿಕೊಳ್ಳುವ ಸಮಿತಿಯಲ್ಲಿ ಗಿರಣಿಗೆ ಸಂಬಂಧವಿಲ್ಲದ ಒಬ್ಬರು ಇರಲೇಬೇಕಿತ್ತು. ಮ್ಯಾನೇಜರ್ ಎಸೆನ್‌ಕುಲ್ ಜೂರಕಾನಳ ಮನೆಗೇ ಬಂದು, ಚಹಾ ಕುಡಿದು, ಒಪ್ಪಿಸಿ ಹೋದ.

ಈ ಸುದ್ದಿಯಿಂದ ಎಲ್ಲರಿಗಿಂತ ಹಿಗ್ಗಿದವಳು ಅವಳ ಓರಗಿತ್ತಿ ಕಾಲಿಚಾ. ಎರಡು ಹಸು ಕಟ್ಟಿಕೊಂಡು, ಚಳಿಗಾಲವಿಡೀ ಹಾಲಿನ ಕ್ಯಾನುಗಳನ್ನು ಜಾರುಬಂಡಿಯಲ್ಲಿಟ್ಟು ಹಿಮದ ಮೇಲೆ ಎಳೆದುಕೊಂಡು ಬಜಾರಿಗೆ ಹೋಗುವ ಹೆಂಗಸು ಅವಳು. ಒಂದು ವಾರ ಅಡುಗೆಮನೆಯಲ್ಲಿ ಕೂತು ನಲವತ್ತಮೂರು ಕಾಗದ ಬರೆದು ಹಾಕಿದ್ದಳು.

“ನೀನೇನೂ ಮಾಡ್ಬೇಡಕ್ಕಾ, ಸುಮ್ನೆ ಕೂತಿರು ಸಾಕು,” ಎಂದಿದ್ದಳು. “ನಲವತ್ಮೂರರಲ್ಲಿ ಒಂದಾದ್ರೂ ಮೇಲೆ ಬರಲ್ವಾ?”

ಡ್ರಾದ ಎರಡು ದಿನ ಮೊದಲು ಸಮಿತಿಯವರನ್ನು ಗಿರಣಿಗೆ ಕರೆದರು. ಗೋದಾಮಿನ ನಡುವೆ, ಕಬ್ಬಿಣದ ಕಾಲುಗಳ ಮೇಲೆ, ಹಿಡಿಕೆ ತಿರುಗಿಸಿದರೆ ಸುತ್ತುವ ದೊಡ್ಡ ಪ್ಲಾಸ್ಟಿಕ್ ಪೀಪಾಯಿ. ಒಳಗಿರುವುದು ಹೊರಗೆ ಕಾಣುವಂತಿತ್ತು. ನಾಲ್ಕು ಸಾವಿರಕ್ಕೂ ಮೇಲೆ ಕೂಪನ್, ಒಂಬೈನೂರು ಚಿಲ್ಲರೆ ಕಾಗದ, ಸಾವಿರದ ಮುನ್ನೂರು ಸಂದೇಶ ಎಲ್ಲವೂ ಅದರಲ್ಲಿದ್ದವು. ಸಂದೇಶ ಕಳಿಸಿದವರ ಫೋನ್ ನಂಬರುಗಳನ್ನು ತೆಳ್ಳನೆಯ ಹಾಳೆಯಲ್ಲಿ ಮುದ್ರಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದ್ದರು. ಕಾಗದಗಳನ್ನು ಲಕೋಟೆ ಒಡೆಯದೆ ಬಂದ ಹಾಗೇ ಹಾಕಿದ್ದರು.

“ಎಲ್ಲಾ ಸರಿಯಾಗಿದೆ ಅಂತ ಇಲ್ಲೊಂದು ಸೈನ್ ಹಾಕಿಬಿಡಿ ಅಕ್ಕಾ,” ಎಂದು ಎಸೆನ್‌ಕುಲ್ ಕಾಗದ ಮುಂದಿಟ್ಟ.

ಜೂರಕಾನ್ ಪೆನ್ನು ತೆಗೆದುಕೊಳ್ಳಲಿಲ್ಲ. “ಹತ್ತು ಸುತ್ತು ತಿರುಗ್ಸಪ್ಪ,” ಎಂದಳು. ತಿರುಗಿಸಿದರು. ಅವಳು ತಲೆಯ ಸ್ಕಾರ್ಫನ್ನು ಕಣ್ಣಿನ ಮೇಲೆ ಎಳೆದುಕೊಂಡು, ಕಿಂಡಿಯಲ್ಲಿ ಕೈಯಿಟ್ಟು ಒಂದೊಂದಾಗಿ ಮೂವತ್ತು ತೆಗೆದಳು. ನೋಡಿದರೆ ಇಪ್ಪತ್ತಾರು ಲಕೋಟೆ, ನಾಲ್ಕು ಕೂಪನ್. ಫೋನಿನವರದು ಒಂದೂ ಇಲ್ಲ.

“ಒಟ್ಟಿನ ಆರರಲ್ಲಿ ಒಂದು ಪಾಲೂ ಇಲ್ಲ ಕಾಗದ. ಕೈಗೆ ಬಂದಿದ್ದೆಲ್ಲಾ ಅದೇ,” ಎಂದಳು. “ಉಬ್ಬಿದ ಲಕೋಟೆ ಮೇಲೆ ತೇಲುತ್ತೆ, ಆ ಪಟ್ಟಿಗಳೆಲ್ಲಾ ತಳಕ್ಕೆ ಅಂಟ್ಕೊಂಡು ಕೂತಿವೆ. ಫೋನಲ್ಲಿ ಕಳಿಸಿದವ್ರು ಆಟದಲ್ಲೇ ಇಲ್ಲ.”

“ಅದೃಷ್ಟ ಅಂದ್ರೆ ಹಂಗೇ ಅಲ್ವಾ ಅಕ್ಕಾ? ಯಾರೂ ಬೇಕಂತ ಮಾಡಿಲ್ಲ.”

“ಬೇಕಂತ ಮಾಡಿದ್ದೀರಿ ಅಂದ್ನಾ ನಾನು? ಸಮಾನ ಅವಕಾಶ ಅಂತ ಬರ್ದಿದ್ದೀರಿ. ಇದು ಸಮಾನ ಅಲ್ಲ. ಅಷ್ಟೇ.”

ಎಸೆನ್‌ಕುಲ್ ಕೆಟ್ಟವನಲ್ಲ, ಅವನಿಗೆ ಆತುರ. ಸಭಾಂಗಣ ಗೊತ್ತುಮಾಡಿಯಾಗಿದೆ, ಹಾಡುಗಾರರಿಗೆ ಹೇಳಿಯಾಗಿದೆ. “ಈಗೇನು, ಆರು ಸಾವಿರ ಜನರ ಹೆಸರನ್ನೂ ಒಂದೇ ಥರದ ಚೀಟೀಲಿ ಬರೆಯೋಣ ಅಂತೀರಾ?” ಎಂದು ರೇಗಿದ.

ಚೀಟಿಯೇ ಬೇಡ ಎಂದಳು ಜೂರಕಾನ್. ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಡುವುದು; ಮನೆಮನೆಯಲ್ಲೂ ಇರುವ ಲೋಟೋ ಆಟದ, ಅಂಕಿ ಬರೆದ ಮರದ ಬಿಲ್ಲೆಗಳಲ್ಲಿ ಒಂದರಿಂದ ಒಂಬತ್ತು, ಸೊನ್ನೆಯ ಬದಲಿಗೆ ಹತ್ತರ ಬಿಲ್ಲೆ, ಇಷ್ಟನ್ನು ಚೀಲಕ್ಕೆ ಹಾಕುವುದು. ನಾಲ್ಕು ಸಲ ತೆಗೆದು, ಪ್ರತಿ ಸಲವೂ ವಾಪಸು ಹಾಕಿದರೆ ನಾಲ್ಕಂಕಿಯ ಸಂಖ್ಯೆ ಸಿಗುತ್ತದೆ. ಯಾರಿಗೂ ಕೊಟ್ಟಿರದ ಸಂಖ್ಯೆ ಬಂದರೆ ನಾಲ್ಕನ್ನೂ ಮತ್ತೆ ತೆಗೆಯುವುದು. ಮರುದಿನ ಅವಳೇ ಅಂಚೆ ಕಚೇರಿಯಿಂದ ನಂಬರು ಒತ್ತುವ ನಾಲ್ಕು ಯಂತ್ರ ಕೇಳಿ ತಂದಳು. ಗಿರಣಿಯ ನಾಲ್ವರು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂಪನ್, ಲಕೋಟೆಗಳ ಮೇಲೆ ಟಕ್ ಟಕ್ ಒತ್ತಿದರು. ಫೋನ್ ನಂಬರುಗಳಿಗೆ ಕಂಪ್ಯೂಟರಿನಲ್ಲೇ ಮುಂದಿನ ಸಂಖ್ಯೆಗಳು ಬಿದ್ದವು. ಆಮೇಲೆ ಜೂರಕಾನ್ ಸಹಿ ಹಾಕಿದಳು.

ಅವಳು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಕಾಲಿಚಾ ಬಾಗಿಲಲ್ಲೇ ನಿಂತಿದ್ದಳು.

“ಕಾಗದಾನೇ ಮೇಲೆ ಬರ್ತಿತ್ತಂತೆ! ನಿನಗೆ ಗೊತ್ತಿತ್ತು, ನಾನು ನಲವತ್ಮೂರು ಬರ್ದಿದ್ದೀನಿ ಅಂತ.”

“ಗೊತ್ತಿತ್ತು.”

“ಗೊತ್ತಿದ್ದೂ ನನ್ ತಟ್ಟೆಗೆ ಕೈ ಹಾಕಿದ್ಯಲ್ಲ! ಊರಿಗೆಲ್ಲಾ ನೀನೊಬ್ಳೇ ತಕ್ಕಡಿ. ಹಿಡ್ಕೊಂಡು ಕೂತ್ಕೋ.”

“ಒಳಗೆ ಬಾರೇ, ಚಳಿ,” ಎಂದಳು ಜೂರಕಾನ್. ಕಾಲಿಚಾ ಒಳಗೆ ಬರಲಿಲ್ಲ. ಆ ಸಂಜೆ ಜೂರಕಾನ್ ಮುರಿದ ರೊಟ್ಟಿಯನ್ನು ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟಳು. ತಾನು ಮಾಡಿದ್ದು ತಪ್ಪೆಂದು ಅನಿಸಿರಲಿಲ್ಲ; ಆ ಜಾರುಬಂಡಿಯ ಹಗ್ಗ ಕಾಲಿಚಾಳ ಅಂಗೈಯಲ್ಲಿ ಮೂಡಿಸಿದ ಗೆರೆಯನ್ನೂ ಅವಳು ಬಲ್ಲಳು.

ಡ್ರಾದ ದಿನ ಸಭಾಂಗಣ ಕಿಕ್ಕಿರಿದಿತ್ತು. ಮೂರನೆಯ ಬಹುಮಾನ, ಹತ್ತು ಮೂಟೆ ಹಿಟ್ಟು, ಕಾಗದ ಬರೆದ ಒಬ್ಬ ನರ್ಸಿಗೆ ಹೋಯಿತು. ಎರಡನೆಯದು ಬಟ್ಟೆ ಒಗೆಯುವ ಯಂತ್ರ. ದೂರದ ಹಳ್ಳಿಯಿಂದ ಫೋನಿನಲ್ಲಿ ಸಂದೇಶ ಕಳಿಸಿದ್ದ ಕುರಿಗಾಹಿಯೊಬ್ಬನಿಗೆ ಬಂತು. ಜನ ಚಪ್ಪಾಳೆ ಹೊಡೆದರು. ಕೊನೆಗೆ ಕಾರಿಗೆಂದು ತೆಗೆದಾಗ ಬಂದ ಬಿಲ್ಲೆಗಳು: ಎರಡು, ಒಂಬತ್ತು, ಸೊನ್ನೆ, ನಾಲ್ಕು. ಅದು ಬೇಕರಿಯ ತುರ್ಗುನ್‌ಬಾಯ್‌ನ ಕೂಪನ್. ವರ್ಷವಿಡೀ ರೊಟ್ಟಿ ಸುಡುವ ಅವನ ಹತ್ತಿರ ಮುನ್ನೂರಕ್ಕೂ ಹೆಚ್ಚು ಕೂಪನ್‌ಗಳಿದ್ದವು. ಆಗಲೇ ಒಂದು ಕಾರೂ ಇತ್ತು.

ಹಿಂದಿನ ಸಾಲಿನ ಮುದುಕನೊಬ್ಬ ಎದ್ದು ಕೂಗಿದ: “ಇದಕ್ಕೇನಮ್ಮಾ ಎರಡು ದಿನದಿಂದ ಕುಣಿದಿದ್ದು? ಇದೇನಾ ನ್ಯಾಯ?”

ಜೂರಕಾನ್ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ, ಕಿವಿ ಬಿಸಿಯಾಯಿತು. “ಚೀಟಿ ಚೀಟಿಗೆ ನ್ಯಾಯ ಆಗಿದೆ ತಾತ. ಮನುಷ್ಯ ಮನುಷ್ಯರಿಗೆ ಆಗಿಲ್ಲ. ಒಬ್ಬರಿಗೆ ಇಷ್ಟೇ ಅಂತ ಮೊದ್ಲೇ ಬರೀಬೇಕಿತ್ತು. ಅದು ನನಗೂ ಹೊಳೀಲಿಲ್ಲ. ಈಗ ಬದಲಾಯಿಸಿದ್ರೆ ಅದು ಮೋಸ.”

ಮುದುಕ ಗೊಣಗುತ್ತ ಕೂತ. ತುರ್ಗುನ್‌ಬಾಯ್ ಕೀಲಿ ತೆಗೆದುಕೊಂಡ. ಪಾಪ, ಅವನಿಗೂ ನಗಲು ಸಂಕೋಚ.

ಎಸೆನ್‌ಕುಲ್ ಎರಡೇ ವಾರದಲ್ಲಿ ಮುಂದಿನ ವರ್ಷದ ನಿಯಮ ಬರೆಯಲು ಕೂತಾಗ ಜೂರಕಾನಳನ್ನು ಮೊದಲೇ ಕರೆಸಿದ. ಯಾವ ದಾರಿಯಿಂದ ಬಂದರೂ ಒಬ್ಬರಿಗೆ ಐದೇ ಅವಕಾಶ ಎಂದಾಯಿತು. ಹೆಚ್ಚು ಮೂಟೆ ಕೊಂಡವರಿಗೆ ಹೆಚ್ಚು ಅವಕಾಶವಿಲ್ಲವೆಂದರೆ ಗಿರಣಿಗೇನು ಲಾಭ ಎಂದು ಅವನು ಎರಡು ದಿನ ಜಗ್ಗಾಡಿದ. ಹಾಗಿದ್ದರೆ ‘ಸಮಾನ’ ಎಂಬ ಮಾತು ತೆಗೆದುಹಾಕಿ ಎಂದಳು ಅವಳು. ಅವನು ಅದನ್ನು ತೆಗೆಯಲಿಲ್ಲ.

ಕಾಲಿಚಾ ಮೂರು ವಾರ ಈ ಕಡೆ ಸುಳಿಯಲಿಲ್ಲ. ನಾಲ್ಕನೆಯ ವಾರ ಒಂದು ಬಟ್ಟಲು ಕೆನೆ ಹಿಡಿದು ಬಂದು, ಸ್ಟೌವಿನ ಪಕ್ಕ ಕೂತು, ಬಹಳ ಹೊತ್ತು ಹಸುವಿನ ಕೆಚ್ಚಲು ಬಾವಿನ ಬಗ್ಗೆಯೇ ಮಾತಾಡಿದಳು. ಹೊರಡುವಾಗ ಬೂಟಿಗೆ ಕಾಲು ತೂರಿಸುತ್ತ ಕೇಳಿದಳು:

“ಐದೇ ಅಂದ್ರೆ, ನಂದೈದು, ನಮ್ಮನೆಯವರದು ಐದು. ಅದಕ್ಕೇನೂ ಅಡ್ಡಿ ಇಲ್ವಲ್ಲ?”

“ಇಲ್ಲ. ಅವನೂ ಮನುಷ್ಯನೇ ತಾನೇ?” ಎಂದಳು ಜೂರಕಾನ್.

ಕಾಲಿಚಾ ತಡೆಯಲಾರದೆ ನಕ್ಕಳು. “ಅದು ನಂಗೂ ಅನುಮಾನ,” ಎಂದು ಬಾಗಿಲೆಳೆದುಕೊಂಡು ಹೋದಳು.