ಗಗನನೌಕೆಗೆ ಲೈನ್ ಕ್ಲಿಯರ್

ಅನಂತವಾದ ಆಕಾಶದ ಎದುರು ಮನುಷ್ಯ ಎಷ್ಟು ಅಲ್ಪನೆಂಬ ವಿಚಾರ ಎಲ್ಲ ಕಾಲದ ವಿವೇಕಿಗಳನ್ನೂ ಕಾಡಿದೆ. ನನ್ನನ್ನು ಅದು ಸುಮಾರು ಮೂರು ನಿಮಿಷ ಕಾಡಿತು. ಅಷ್ಟರಲ್ಲಿ, ಟೀವಿಯ ಚಿತ್ರದಲ್ಲಿ ನೂರು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಎದ್ದ ನೌಕೆಯ ಕ್ಯಾಪ್ಟನ್ನಿಗೆ ಅದೇ ಬೆಳಿಗ್ಗೆ ಕ್ಷೌರವಾದಂಥ ಗಲ್ಲವಿರುವುದು ಕಣ್ಣಿಗೆ ಬಿತ್ತು. ಅಲ್ಪತ್ವದ ವಿಚಾರ ಅಲ್ಲಿಗೇ ನಿಂತಿತು.

ಇದು ನಡೆದದ್ದು ಅಜ್ಜಂಪುರದಲ್ಲಿ, ನನ್ನ ಗೆಳೆಯನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಆದರೆ ಅದರ ಹಿಂದಿನ ಗುರುವಾರದ ಅವಮಾನವನ್ನು ಮೊದಲು ಹೇಳಿಬಿಡುವುದು ಮರ್ಯಾದೆ.

ನಾನು ನಿವೃತ್ತ ಸ್ಟೇಷನ್ ಮಾಸ್ಟರ್. ಕೆಲವು ವರ್ಷ ಘಟ್ಟದ ಮೇಲೆ, ಆಮೇಲೆ ತರೀಕೆರೆ, ಕಡೂರು ಎಂದು ಸುತ್ತಿ ಕೊನೆಗೆ ಅಜ್ಜಂಪುರದಲ್ಲಿ ನೆಲೆ ನಿಂತವನು. ಕಳೆದ ವರ್ಷ ಬಲಗೈ ಜೋಮು ಹಿಡಿಯತೊಡಗಿತು. ಮೊದಲು ಕಾಫಿ ಲೋಟ ಜಾರಿತು. ಆಮೇಲೆ ಷರಟಿನ ಗುಂಡಿಗಳು ಮಾತು ಕೇಳದಾದವು. ಕಡೂರಿನ ಡಾಕ್ಟರು ಕತ್ತಿನ ಎಂಆರ್‌ಐ ಆಗಲೇಬೇಕೆಂದರು. ನರ ಒತ್ತಿದ್ದರೆ ಒಂದು ಚಿಕಿತ್ಸೆ, ಗಡ್ಡೆಯಿದ್ದರೆ ಇನ್ನೊಂದು. ಒಳಗೆ ನೋಡದೆ ಏನೂ ಹೇಳುವ ಹಾಗಿಲ್ಲ, ತಡವಾದರೆ ಕೈ ಶಾಶ್ವತವಾಗಿ ಸ್ವಾಧೀನ ತಪ್ಪಬಹುದು ಎಂದರು.

ನಾನೂ ನನ್ನಾಕೆಯೂ ಶಿವಮೊಗ್ಗಕ್ಕೆ ಹೋದೆವು. ಅಲ್ಲಿ ನನ್ನನ್ನು ಹಲಗೆಯ ಮೇಲೆ ಮಲಗಿಸಿ, ಮುಖದ ಮೇಲೆ ಪಂಜರದಂಥದ್ದೊಂದನ್ನು ಮುಚ್ಚಿ, ಕೈಗೆ ರಬ್ಬರ್ ಗುಂಡೊಂದನ್ನು ಕೊಟ್ಟು, ತೀರಾ ಕಷ್ಟವಾದರೆ ಒತ್ತಿ ಎಂದರು. ಹಲಗೆ ಕೊಳವೆಯೊಳಗೆ ಸರಿಯಿತು. ನನ್ನ ಮೂಗಿಗೂ ಕೊಳವೆಯ ಚಾವಣಿಗೂ ನಡುವೆ ಒಂದು ಗೇಣೂ ಇರಲಿಲ್ಲ. ನಾನು ಹತ್ತರವರೆಗೆ ಎಣಿಸಿ, ಘನತೆಯಿಂದ ಗುಂಡು ಒತ್ತಿದೆ. ಹೊರಗೆ ಎಳೆದ ಮೇಲೆ, "ನನಗೆ ಸ್ವಲ್ಪ ಕೆಲಸವಿದೆ" ಎಂದೆ. ಅಲ್ಲಿದ್ದ ಹುಡುಗಿ ಯಾವ ಕೆಲಸವೆಂದು ಕೇಳದೆ ಮುಂದಿನ ಬುಧವಾರಕ್ಕೆ ಬರಬೇಕೆಂದು ಚೀಟಿ ಬರೆದುಕೊಟ್ಟಳು.

ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ಬದಲಿಸಿದ ಮೇಲೆ ನನ್ನಾಕೆ ಬಾಯಿ ಬಿಟ್ಟಳು. "ಘಟ್ಟದ ಮೇಲಿದ್ದಾಗ ಅಷ್ಟೊಂದ್ ರೈಲ್ನ ಸುರಂಗಕ್ಕೆ ಕಳಿಸಿದ್ರಿ. ನೀವೊಂದ್ ಅರ್ಧ ಗಂಟೆ ಹೋಗಿರಕ್ಕಾಗ್ಲಿಲ್ವೇ?"

"ಕಳಿಸಿದ್ದು ನಾನು ಕಣೇ. ಹೋದೋನು ಡ್ರೈವರು."

ಇಷ್ಟು ಹಿನ್ನೆಲೆಯೊಂದಿಗೆ ಭಾನುವಾರ ಗೆಳೆಯನ ಅಂಗಡಿಯಲ್ಲಿ ಕೂತಿದ್ದೆ. ಅವನ ಮನೆತನ ಈ ಊರಿಗೆ ಬಂದು ಎಷ್ಟು ತಲೆಮಾರಾಯಿತೆಂಬ ಲೆಕ್ಕ ಅವನಿಗೂ ಇಲ್ಲ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಸುಟ್ಟ ಮೋಟಾರಿನ ಹತ್ತಿರ ಎರಡೂ. ಗೋಡೆಯ ಮೇಲಿನ ಸಣ್ಣ ಟೀವಿಯಲ್ಲಿ ಕನ್ನಡಕ್ಕೆ ಡಬ್ ಆದ ಯಾವುದೋ ಅಂತರಿಕ್ಷದ ಚಿತ್ರ ಬರುತ್ತಿತ್ತು. ನಾವು ನೋಡಲು ಶುರುಮಾಡುವಾಗ ಹೆಸರು ತೋರಿಸಿ ಆಗಿತ್ತು, ಇಂದಿಗೂ ನಮಗೆ ಅದರ ಹೆಸರು ತಿಳಿಯದು. ಸಾವಿರಾರು ಜನರನ್ನು ಹೊತ್ತ ನೌಕೆ ಬಹುದೂರದ ನಕ್ಷತ್ರಕ್ಕೆ ಹೊರಟಿದೆ; ಎಲ್ಲರೂ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ರಿಸುತ್ತಾರೆ; ನಡುವೆ ಎಂಜಿನ್ ಕೆಡುತ್ತದೆ. ಕತೆ ಇಷ್ಟೇ.

ಗಲ್ಲವನ್ನು ನಾನು ಒಂದನೇ ತಪ್ಪೆಂದು ದಾಖಲಿಸಿದೆ. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ನೌಕೆ ಅದೇ ದಾರಿಯಲ್ಲಿ ಬಂತು. ನಾನು ಸ್ಟೂಲಿನಿಂದ ಎದ್ದು ನಿಂತೆ.

"ಲೈನ್ ಕ್ಲಿಯರ್ ತಗೊಂಡಿದಾನಾ ಇವ್ನು?"

"ಆಕಾಶದಲ್ಲಿ ಯಾರ್ನ ಕೇಳ್ತಾನೆ ಮಾಸ್ಟ್ರೇ?"

"ಎದುರುಗಡೆಯೋನ್ನ ಕೇಳ್ಬೇಕು ಭಾಯಿ! ಅವ್ನು ಬಾ ಅನ್ನೋವರ್ಗೂ ಗಾಡಿ ಬಿಡೋ ಹಾಗಿಲ್ಲ."

"ಕೂತ್ಕಳಿ, ಕೂತ್ಕಳಿ. ನಿಮ್ ಸರ್ವೀಸ್ ಮುಗ್ದೈತೆ."

ಆದರೆ ಅವನ ಸಮಾಧಾನವೂ ಹತ್ತು ನಿಮಿಷ ಬಾಳಲಿಲ್ಲ. ಕ್ಯಾಪ್ಟನ್ ಹೊಗೆಯಾಡುವ ಎಂಜಿನ್ನಿನ ಬಳಿ ಓಡಿ, ಎರಡು ವೈರುಗಳ ತುದಿ ಮುಟ್ಟಿಸಿದ. ಕಿಡಿ ಹಾರಿತು, ಎಂಜಿನ್ ಚಾಲೂ ಆಯಿತು. ಗೆಳೆಯ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟ.

"ಸುಟ್ಟೋಗಿರೋ ಕಾಯಿಲ್ ಕಣ್ರೀ ಅದು! ಬಿಚ್ಬೇಕು, ಸುತ್ಬೇಕು, ವಾರ್ನಿಷ್ ಕುಡಿಸ್ಬೇಕು, ಒಣಗ್ಬೇಕು. ಯಗಟಿಯಿಂದ ಬರೋ ಗಿರಾಕಿಗೆ ನಾನ್ ಹಿಂಗೆ ಎರಡ್ ವೈರ್ ಮುಟ್ಸಿ ಕಳಿಸಿದ್ರೆ, ಮೋಟ್ರು ತಂದು ನನ್ ತಲೆ ಮೇಲೇ ಹಾಕ್ತಾನೆ!"

ಹೀಗೆ ಹತ್ತೊಂಬತ್ತು ತಪ್ಪುಗಳಾದವು. ಗಾಳಿಯೇ ಇಲ್ಲದ ಕಡೆ ಢಮಾರ್ ಎಂಬ ಸದ್ದು. ಗೊತ್ತಿಲ್ಲದ ಗ್ರಹದಲ್ಲಿ ಇಳಿದು, ಮೂಗಿನಲ್ಲಿ ಒಮ್ಮೆ ಎಳೆದು ನೋಡಿ, ಹೆಲ್ಮೆಟ್ ಬಿಚ್ಚುವುದು. ಇಡೀ ನೌಕೆಗೆ ಒಂದೇ ಸ್ಪ್ಯಾನರ್. ಜೀವ ಹೋಗುವ ಹೊತ್ತಿನಲ್ಲೂ ಕ್ಯಾಪ್ಟನ್ ರಾಜ್ಯೋತ್ಸವದ ಭಾಷಣದ ಕನ್ನಡವನ್ನೇ ಆಡುತ್ತಿದ್ದ. ಆದರೂ ನಾವಿಬ್ಬರೂ ರಿಮೋಟ್ ಮುಟ್ಟಲಿಲ್ಲ. ಚಹಾ ಎರಡು ಸಲ ತಣ್ಣಗಾಯಿತು.

ಯಾಕೆಂದರೆ, ಇಷ್ಟೆಲ್ಲ ಅಜ್ಞಾನದ ನಡುವೆ ಅವರಿಗೆ ಒಂದು ವಿಷಯ ಗೊತ್ತಿತ್ತು. ಮತ್ತೆ ನಿದ್ರೆಗೆ ಹೋಗುವ ಮುನ್ನ ಪ್ರತಿಯೊಬ್ಬನೂ ಪಕ್ಕದ ಪೆಟ್ಟಿಗೆಯವನಿಗೆ, "ಎದ್ದಾಗ ಇಲ್ಲೇ ಇರುತ್ತೇನೆ" ಎನ್ನುತ್ತಿದ್ದ. ಪಕ್ಕದವನು ಅದೇ ಮಾತನ್ನು ತಿರುಗಿ ಹೇಳಿದ ಮೇಲೆಯೇ ಮುಚ್ಚಳ ಬೀಳುತ್ತಿತ್ತು. ಸಾಲಾಗಿ ದೀಪಗಳು ಆರಿದವು. ನೌಕೆ ಒಂದು ಬಳೆ ತೊಟ್ಟ ಗ್ರಹದ ಪಕ್ಕದಲ್ಲಿ ಸದ್ದಿಲ್ಲದೆ ಸರಿಯಿತು. ಗೆಳೆಯ ಕಣ್ಣೊರೆಸಿಕೊಂಡು, "ಈ ವಾರ್ನಿಷ್ ಘಾಟು ಜಾಸ್ತಿ ಆಯ್ತು" ಎಂದ. ಅಂದು ಅಂಗಡಿಯಲ್ಲಿ ವಾರ್ನಿಷ್ ಡಬ್ಬ ತೆರೆದೇ ಇರಲಿಲ್ಲ. ನನಗೂ ಘಾಟು ಹತ್ತಿತ್ತು.

ಬುಧವಾರ ಮತ್ತೆ ಹಲಗೆ, ಮತ್ತೆ ಪಂಜರ. ಕೊಳವೆಯೊಳಗೆ ಸರಿಯುತ್ತಿದ್ದಂತೆ ಕಣ್ಣು ಮುಚ್ಚಿ, ಚಿತ್ರವನ್ನು ಮೊದಲಿನಿಂದ ಓಡಿಸಿದೆ. ಒಂದು, ಗಲ್ಲ. ಎರಡು, ಲೈನ್ ಕ್ಲಿಯರ್. ಗುಂಡು ಒತ್ತಬೇಕೆನಿಸಲಿಲ್ಲ. ಅಷ್ಟರಲ್ಲಿ ಕಿವಿಯ ಹತ್ತಿರ ಹುಡುಗಿಯ ದನಿ ಬಂತು. "ಸರ್, ಈಗ ಆರ್ ನಿಮಿಷದ್ದು. ಅಲ್ಲಾಡ್ಬೇಡಿ, ಮಾತಾಡ್ಬೇಡಿ."

ನಮ್ಮ ಕೆಲಸದಲ್ಲಿ ಪಕ್ಕದ ಸ್ಟೇಷನ್ನಿನವರು ಫೋನಿನಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಹೇಳದಿದ್ದರೆ ಕೇಳಿಸಿಕೊಂಡಂತೆಯೇ ಅಲ್ಲ. ಇಡೀ ಸರ್ವೀಸಿನಲ್ಲಿ ನಾನು ಒಂದು ಸಲವೂ ತಪ್ಪಿದವನಲ್ಲ.

"ಈಗ ಆರು ನಿಮಿಷದ್ದು, ಅಲ್ಲಾಡಬಾರದು, ಮಾತಾಡಬಾರದು" ಎಂದೆ.

"ಸರ್, ಮಾತಾಡ್ಬೇಡಿ ಅಂದೆ."

"ಮಾತಾಡಬೇಡಿ ಅಂದಿರಿ."

ಗುದ್ದಲು ಶುರುಮಾಡಿದ್ದ ಯಂತ್ರವನ್ನು ಅವಳು ನಿಲ್ಲಿಸಿದಳು. "ಸರ್, ದವಡೆ ಅಲ್ಲಾಡಿದ್ರೆ ಕತ್ತಿನ ಚಿತ್ರ ಕೆಡುತ್ತೆ. ಈಗಾಗ್ಲೇ ಒಂದ್ ಕೆಟ್ಟಿದೆ. ನೀವು ಏನ್ ಕೆಲಸದಲ್ಲಿದ್ರಿ?"

"ಸ್ಟೇಷನ್ ಮಾಸ್ಟರ್."

"ಓಹೋ. ನಮ್ಮಪ್ಪ ಕಂಡಕ್ಟರು, ಮನೇಲಿ ಬಾಗ್ಲು ಹಾಕಿದ್ರೂ ರೈಟ್ ಅಂತಾರೆ. ಒಂದ್ ಕೆಲಸ ಮಾಡಿ. ನಾನು ಹೇಳಿದ್ದು ಅರ್ಥ ಆದ್ರೆ, ಮಿಷನ್ ಶುರುವಾಗೋಕ್ ಮುಂಚೆ ಕಾಲಿನ ಹೆಬ್ಬೆರಳು ಒಂದ್ಸಲ ಆಡ್ಸಿ. ಇಲ್ಲಿಂದ ಕಾಣ್ಸುತ್ತೆ."

ಇಷ್ಟು ಒಳ್ಳೆಯ ಸಿಗ್ನಲ್ ವ್ಯವಸ್ಥೆ ನಾನು ಕಂಡಿಲ್ಲ. ಅವಳು ಹೇಳಿದಳು, ಹೆಬ್ಬೆರಳು ಆಡಿಸಿದೆ. ಯಂತ್ರ ಮತ್ತೆ ಗುದ್ದತೊಡಗಿತು. ನಾನು ಮೂರನೆಯ ತಪ್ಪಿಗೆ ಹೋದೆ.

ಟೀವಿಯಲ್ಲಿ ಕಂಡದ್ದು ದೋಷವಿಲ್ಲದ ಸಿನಿಮಾ ಆಗಿದ್ದರೆ ಅಂದು ನಾನು ಕೆಡುತ್ತಿದ್ದೆ. ಆ ಕೊಳವೆಯಲ್ಲಿ ಬೆರಗು ಒಂದೇ ಜೊತೆಗಿದ್ದಿದ್ದರೆ ಎರಡು ನಿಮಿಷಕ್ಕೆ ಗುಂಡು ಒತ್ತುತ್ತಿದ್ದೆ. ತಿದ್ದಲು ಏನಾದರೂ ಇದ್ದರೆ ನನ್ನಂಥವನಿಗೆ ಹೆದರಲು ಪುರುಸೊತ್ತಿರುವುದಿಲ್ಲ. ಎಲ್ಲೋ ದೂರದೇಶದಲ್ಲಿ ಕೂತು ಆ ಚಿತ್ರ ಮಾಡಿದ ಪುಣ್ಯಾತ್ಮರು ಇದನ್ನೆಲ್ಲ ಕಂಡವರಲ್ಲ. ಅವರ ಅಜಾಗರೂಕತೆಗೆ ನಾನು ಋಣಿ. ಆ ಪೆಟ್ಟಿಗೆಗಳ ಮಾತು ಬರೆದ ಪುಣ್ಯಾತ್ಮನಿಗಂತೂ ಇನ್ನೂ ಹೆಚ್ಚು. ಯಾಕೆಂದರೆ ಹದಿನಾಲ್ಕನೆಯ ತಪ್ಪಾದ ಮೇಲೆ ಎಣಿಕೆ ತಪ್ಪಿ, ಉಳಿದ ಹೊತ್ತನ್ನೆಲ್ಲ ಆ ಬಳೆ ತೊಟ್ಟ ಗ್ರಹದ ಪಕ್ಕದಲ್ಲೇ ಕಳೆದೆ.

ಹೊರಗೆ ಬಂದಾಗ ನನ್ನಾಕೆ, "ಆಯ್ತಾ?" ಎಂದಳು.

"ಒಂದ್ ಗಾಡಿ ಲೇಟು. ಅಷ್ಟೇ."

ಶನಿವಾರ ರಿಪೋರ್ಟು ಬಂತು. ಗಡ್ಡೆ ಇರಲಿಲ್ಲ. ಕತ್ತಿನ ಐದು ಮತ್ತು ಆರನೆಯ ಮೂಳೆಗಳ ನಡುವೆ ನರ ಒತ್ತಿತ್ತು. ಆರು ವಾರ ಕತ್ತಿಗೆ ಪಟ್ಟಿ ಹಾಕಿಕೊಂಡೆ, ಹೇಳಿಕೊಟ್ಟ ವ್ಯಾಯಾಮ ಮಾಡಿದೆ. ಬಲಗೈಯ ಜೋಮು ಹೋಯಿತು.